ಒತ್ತಕ್ಷರಕ್ಕೆ ಜಾಗ ಬಿಡೋದು ಕಲಿಸಿದ ಅಣ್ಣನಿಗೆ

ಅಣ್ಣಾ, ನಿಮ್ಮ ಹೆಸರು ಕೇಳೋದೇ ಮರೆತೆ. ಹೋದ ತಿಂಗಳು ತುಮಕೂರಿನ ಬಿ.ಎಚ್. ರಸ್ತೆಯ ಪ್ರಿಂಟಿಂಗ್ ಅಂಗಡಿಯಲ್ಲಿ ನೀವು ಲಗ್ನಪತ್ರಿಕೆಯ ಪ್ರೂಫ್‌ಗೆ ಕಾಯುತ್ತಾ ಕೂತಿದ್ದಿರಿ. ನಾನು ಅಕ್ಕನ ಟೈಲರಿಂಗ್ ಕ್ಲಾಸಿಗೆ ಮಾಡಿದ ಪಾಂಪ್ಲೆಟ್ ತಂದಿದ್ದೆ. ನಾಲ್ಕು ಫಾಂಟ್, ಐದು ಬಣ್ಣ, ಎಲ್ಲೂ ಖಾಲಿ ಜಾಗ ಇಲ್ಲ.

ನೀವು ಅದನ್ನು ಕೈ ಚಾಚಿ ದೂರ ಹಿಡಿದು, "ಮೊದಲು ಏನು ಕಾಣುತ್ತೆ ಹೇಳಮ್ಮ" ಅಂದಿರಿ. ಕಂಡಿದ್ದು ಹೂವಿನ ಬಾರ್ಡರ್. ಕ್ಲಾಸ್ ಯಾವತ್ತು ಶುರು, ಯಾರಿಗೆ ಫೋನ್ ಮಾಡಬೇಕು, ಎರಡೂ ಕಾಣಲಿಲ್ಲ.

ಆಮೇಲೆ ಪೆನ್ಸಿಲ್ ತೆಗೆದು 'ವಸ್ತ್ರ' ಅನ್ನೋ ಪದದ ಕೆಳಗೆ ಸುತ್ತು ಹಾಕಿದಿರಿ. ಅದರ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ಅಂಟಿಕೊಂಡಿದ್ದವು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು, ನಮ್ಮ ಒತ್ತಕ್ಷರ ಕೆಳಗಿಳಿಯುತ್ತೆ ಅಲ್ವಾ! ಹುಟ್ಟಿದಾಗಿಂದ ನೋಡಿದ ಅಕ್ಷರವನ್ನು ಅವತ್ತು ಹೊಸದಾಗಿ ನೋಡಿದೆ.

ಉಳಿದದ್ದನ್ನು ಅಲ್ಲೇ ಬರೆದುಕೊಂಡೆ: ಬಣ್ಣ ಆರ್‌ಜಿಬಿಯಿಂದ (ಪರದೆಯ ಬಣ್ಣ) ಸಿಎಂವೈಕೆಗೆ (ಪ್ರಿಂಟಿಂಗ್ ಇಂಕಿನ ಬಣ್ಣ), ಫೋಟೊ 300 ಡಿಪಿಐ (ಇಂಚಿಗೆ 300 ಚುಕ್ಕಿ), ಕಟಿಂಗ್‌ಗೆ ಸುತ್ತಲೂ 3 ಮಿ.ಮೀ. ಜಾಸ್ತಿ.

ಆ ರಾತ್ರಿಯೇ ಮೂರು ಸಲ ತಿದ್ದಿದೆ. ಬಾರ್ಡರ್ ತೆಗೆಯೋಕೆ ಮನಸ್ಸೇ ಬರಲಿಲ್ಲ, ಆದರೂ ತೆಗೆದೆ. ಒಂದೇ ಫಾಂಟ್, ಎರಡು ಬಣ್ಣ, ದೊಡ್ಡದಾಗಿ ತಾರೀಕು. ಬೆಳಿಗ್ಗೆ ಅಕ್ಕ ಬಾಗಿಲಲ್ಲೇ ನಿಂತು ಫೋನ್ ನಂಬರ್ ಓದಿದಳು.

ನಿಮ್ಮ ಕೆಲಸ ಬಿಟ್ಟು ಅರ್ಧ ಗಂಟೆ ಕೂತು ಹೇಳಿಕೊಟ್ಟಿರಿ. ನಿಮ್ಮ ಪೆನ್ಸಿಲ್ ಗುರುತುಗಳ ಆ ಹಾಳೆ ನನ್ನ ಹತ್ತಿರ ಜೋಪಾನವಾಗಿದೆ. ತುಂಬಾ ಥ್ಯಾಂಕ್ಸ್, ಅಣ್ಣಾ.