ಸಾಕು ಮನೆಗೆ ಬಂದ ಮಗುವನ್ನು ಒಂದೇ ಸಲ ನೋಡಿದರೆ ಸಾಲದು

ಮಾನ್ಯರೇ,

ಹೆತ್ತವರ ಆರೈಕೆ ಸಿಗದ ಮಕ್ಕಳನ್ನು ಬೇರೆ ಕುಟುಂಬ ಸಾಕುವ ಪೋಷಕತ್ವ ಯೋಜನೆಯಡಿ ಒಂಬತ್ತು ವರ್ಷದ ಹುಡುಗನೊಬ್ಬ ನಮ್ಮ ಮನೆಗೆ ಬಂದು ಒಂದೂವರೆ ವರ್ಷವಾಯಿತು. ಇಂಥ ಮಕ್ಕಳ ಗುರುತನ್ನು ಪತ್ರಿಕೆಗಳಲ್ಲಿ ಪ್ರಕಟಿಸಬಾರದೆಂದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುವುದರಿಂದ ಅವನ ಹೆಸರು, ಊರು ಇಲ್ಲಿ ಬೇಡ. ನಮ್ಮಲ್ಲಿಗೆ ಬರುವ ಮುಂಚೆ ನಡೆದ ಸಮಾಲೋಚನೆಯಲ್ಲಿ ಅವನು ಕೇಳಿದ್ದಕ್ಕೆಲ್ಲ ಹೂಂಗುಟ್ಟಿದ್ದ. 'ಶಾಂತ ಸ್ವಭಾವ, ಹೊಂದಿಕೊಳ್ಳುತ್ತಾನೆ' ಎಂದು ವರದಿಯಾಯಿತು, ನಾವೂ ನಂಬಿದೆವು.

ನಾಲ್ಕನೆಯ ತಿಂಗಳು ಅವನ ಶಾಲೆಯ ಚೀಲದ ತಳದಲ್ಲಿ, ಹಳೆಯ ಅಂಗಿಯಲ್ಲಿ ಸುತ್ತಿಟ್ಟ ಹನ್ನೊಂದು ಜೋಳದ ರೊಟ್ಟಿ ಸಿಕ್ಕವು. ಎಲ್ಲವೂ ಖಡಕ್ ರೊಟ್ಟಿಯೇ. ಮೆತ್ತನೆಯವು ಬೂಸ್ಟು ಹಿಡಿಯುತ್ತವೆ ಎಂಬ ಲೆಕ್ಕ ಆ ವಯಸ್ಸಿಗೇ ಅವನಿಗೆ ತಿಳಿದಿತ್ತು. ರಾತ್ರಿ ಬೆಚ್ಚಿ ಏಳುವುದು, ಬಾಗಿಲ ಚಿಲಕ ಸದ್ದಾದರೆ ಮಂಚದ ಕೆಳಗೆ ಸೇರುವುದು ಶುರುವಾದದ್ದೂ ಆಗಲೇ. ಪಾಠದ ಕಡೆ ಲಕ್ಷ್ಯವಿಲ್ಲ, ಹಿಂದಿನಿಂದ ಯಾರಾದರೂ ಮುಟ್ಟಿದರೆ ಹೊಡೆಯುತ್ತಾನೆ ಎಂದು ಶಾಲೆಯಿಂದ ದೂರು ಬಂತು. ಓಣಿಯ ಹಿರಿಯರು ತಾಯಿತ ಕಟ್ಟಿಸಿರೆಂದರು. ಕಟ್ಟಿಸಿದ್ದೂ ಉಂಟು, ಮುಚ್ಚಿಡುವುದೇಕೆ.

ಕೊನೆಗೆ ಮನೋವೈದ್ಯರೊಬ್ಬರು ಎರಡು ತಾಸು ಅವನೊಬ್ಬನನ್ನೇ ಕೂರಿಸಿಕೊಂಡು ಮಾತಾಡಿದಾಗ ಇದು ಹಟವಲ್ಲ, ಆಘಾತದ ಪರಿಣಾಮ ಎಂಬುದು ತಿಳಿಯಿತು. ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಮಾನಸಿಕ ಒತ್ತಡದ ಕಾಯಿಲೆ, ಎಂದು ನಿರ್ಣಯಿಸಲು ಲಕ್ಷಣಗಳು ಒಂದು ತಿಂಗಳಿಗಿಂತ ಹೆಚ್ಚು ಕಾಲ ಇರಬೇಕು. ಎಷ್ಟೋ ಮಕ್ಕಳಲ್ಲಿ ಅವು ಕಾಣಿಸಿಕೊಳ್ಳುವುದೇ ತಡವಾಗಿ, ಇಲ್ಲಿಂದ ನನ್ನನ್ನು ಯಾರೂ ಓಡಿಸುವುದಿಲ್ಲ ಎಂಬ ಧೈರ್ಯ ಬಂದ ಮೇಲೆ. ಗಮನ ನಿಲ್ಲದಿರುವುದು ಅತಿಚಟುವಟಿಕೆಯ ಕಾಯಿಲೆಯಂತೆಯೂ ತೋರಬಹುದು. ಇನ್ನು ಯಾವ ಅಪರಿಚಿತರು ಕರೆದರೂ ಹಿಂದುಮುಂದು ನೋಡದೆ ಹೋಗಿಬಿಡುವ ಮಗುವನ್ನು ನಾವು "ಎಲ್ಲಾರ ಹಂತ್ಯಾಕೂ ಹೋಗ್ತದ, ಶಾಣ್ಯಾ ಕೂಸು" ಎಂದು ಹೊಗಳುತ್ತೇವೆ; ಎಳವೆಯಲ್ಲಿ ಆರೈಕೆ ಸಿಗದ ಮಕ್ಕಳಲ್ಲಿ ಅದೂ ಒಂದು ಕಾಯಿಲೆಯ ಲಕ್ಷಣವಿರಬಹುದೆಂಬುದು ನನಗಂತೂ ಹೊಸ ಸಂಗತಿ.

ಭಾಷೆಯ ತೊಡಕು ಬೇರೆ. ನಮ್ಮ ಹುಡುಗನ ಮನೆಮಾತು ಲಂಬಾಣಿ, ಪ್ರಶ್ನೆಗಳನ್ನು ಕೇಳಿದ್ದು ಪುಸ್ತಕದ ಕನ್ನಡದಲ್ಲಿ. 'ನಿನಗೆ ಅಹಿತಕರ ನೆನಪುಗಳು ಮರುಕಳಿಸುತ್ತವೆಯೇ' ಎಂದರೆ ಯಾವ ಮಗು ಏನು ಹೇಳೀತು? ಲಂಬಾಣಿ, ದಖನಿ ಉರ್ದು, ಮರಾಠಿ, ತೆಲುಗು ಮನೆಮಾತಿನ ಮಕ್ಕಳಿರುವ ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ಆ ಮಾತು ಬಲ್ಲವರೊಬ್ಬರು ಪಕ್ಕದಲ್ಲಿ ಇರಲೇಬೇಕು.

2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ ಪ್ರತಿ ತಿಂಗಳು ಪೋಷಕ ಕುಟುಂಬಗಳಿಗೆ ಭೇಟಿ ಕೊಡಬೇಕು. ಆ ಭೇಟಿಯಲ್ಲಿ ಊಟ, ಬಟ್ಟೆ, ಶಾಲೆಯ ಹಾಜರಿಯ ಜೊತೆಗೆ ನಿದ್ದೆ, ಆಟ, ಭಯಗಳ ಬಗ್ಗೆಯೂ ವಿಚಾರಿಸಲಿ. ಮೂರನೆಯ ಮತ್ತು ಆರನೆಯ ತಿಂಗಳು ಪೂರ್ಣ ಮಾನಸಿಕ ತಪಾಸಣೆ ನಡೆಯಲಿ. ಆಗ ನಮ್ಮನ್ನು ಹೊರಗೆ ಕಳಿಸಿ ಮಗುವನ್ನೇ ಕೇಳಬೇಕು, ಶಿಕ್ಷಕರನ್ನೂ ಕೇಳಬೇಕು, ಏಕೆಂದರೆ ನಮ್ಮೆದುರು ಮಕ್ಕಳು ನಮ್ಮ ಮನಸ್ಸು ನೋಯದಂತೆ ಉತ್ತರಿಸುತ್ತವೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ 'ಮನೋಚೈತನ್ಯ' ಮಾನಸಿಕ ಆರೋಗ್ಯ ಶಿಬಿರಗಳಿಗೇ ಇದನ್ನು ಜೋಡಿಸಬಹುದು. ಆದರೆ ಮಕ್ಕಳ ಮನಸ್ಸಿನ ತಜ್ಞರು ಬೇಕೆಂದರೆ ಸುಮಾರು 600 ಕಿ.ಮೀ. ದೂರದ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿಬನ್ನಿ ಎಂಬ ಸಲಹೆ, ತಿಂಗಳಿಗೆ ₹4,000 ನೆರವಿನಲ್ಲಿ ಮಗು ಸಾಕುವ ಕುಟುಂಬಕ್ಕೆ ನಡೆಯುವ ಮಾತಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ಜಿಲ್ಲೆಗೊಬ್ಬರಂತೆ ಇಂಥ ತಜ್ಞರನ್ನು ನೇಮಿಸಲು ಅನುದಾನ ಕೊಡಲಿ.

ಈಗ ಅವನ ತಲೆದೆಸೆಯಲ್ಲಿ ಒಂದು ಡಬ್ಬಿ ಇಟ್ಟಿದ್ದೇವೆ. ಅದರಲ್ಲಿ ಸದಾ ನಾಲ್ಕು ರೊಟ್ಟಿ ಇರುತ್ತವೆ. ಕಡತದಲ್ಲಿ ಮಾತ್ರ ಅವನು ಇಂದಿಗೂ 'ಶಾಂತ ಸ್ವಭಾವ'ದವನೇ. ಮುಂದಿನ ಭೇಟಿಗೆ ಬರುವವರ ಕೈಗೆ ಈ ಪತ್ರದ ಪ್ರತಿಯನ್ನೂ ಕೊಡಲಿದ್ದೇನೆ.

– ಸಾಕುತಾಯಿ, ಕಲಬುರಗಿ