ಫ್ಯಾಟ್ ಚೀಟಿಯ ಜೊತೆಗೆ ಇನ್ನೊಂದು ಚೀಟಿ

ನಮ್ಮ ಹಾಲಿನ ಡೈರಿಯ ಮೇಜಿನ ಮೇಲೆ ಈ ಸೋಮವಾರದಿಂದ ಎರಡನೇ ನೋಟ್‌ಬುಕ್ ಶುರುವಾಗಿದೆ. ಇನ್ನೂರು ಪುಟದ ಮೊದಲನೆಯದು ತುಂಬಿತು. ಅದರಲ್ಲಿರುವುದು ಹಾಲಿನ ಲೆಕ್ಕವಲ್ಲ, ಹಾಲು ತರುವವರ ಬಿಪಿ, ಶುಗರ್ ಲೆಕ್ಕ. ವರ್ಷವಿಡೀ ಒಂದು ವಾರವೂ ತಪ್ಪದೆ ಈ ಕೆಲಸ ನಡೆದಿದೆ ಅಂದರೆ ಅದು ನನ್ನೊಬ್ಬಳಿಂದ ಆದದ್ದಲ್ಲ. ಹೆಸರು ಹಾಕಬೇಡ ಅಂತ ಹೆಚ್ಚಿನವರು ಹೇಳಿದ್ದಾರೆ. ಆದ್ದರಿಂದ ಯಾರು ಏನು ಮಾಡಿದರು ಅನ್ನುವುದನ್ನಷ್ಟೇ ಬರೆದು ಕೈ ಮುಗಿಯುತ್ತೇನೆ.

ನಾನು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಎರಡು ವರ್ಷದ ಹಿಂದೆ, ಕಬ್ಬು ಕಡಿಯುವ ಕಾಲದಲ್ಲಿ, ನಮ್ಮ ಮಾವನವರಿಗೆ ಲಕ್ವ ಹೊಡೆಯಿತು. ಬೆಳಗ್ಗೆ ಹಸುವಿಗೆ ಹುಲ್ಲು ಹಾಕಲು ಹೋದವರು ಕೊಟ್ಟಿಗೆಯ ಕಂಬ ಹಿಡಿದು ಕೂತುಬಿಟ್ಟರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಬಲಗೈ ಮೇಲೇಳಲಿಲ್ಲ, ಮಾತು ತೊದಲುತ್ತಿತ್ತು. ನಾವು ಮೊದಲು ಓಡಿದ್ದು ಎಣ್ಣೆ ತಿಕ್ಕಿಸಲು. 108ಕ್ಕೆ ಫೋನ್ ಮಾಡಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. ರಕ್ತ ಹೆಪ್ಪುಗಟ್ಟಿ ಆಗುವ ಲಕ್ವಕ್ಕೆ ಆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಅಂತ ನಮಗೆ ತಿಳಿಯುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು.

ಮಾವನವರಿಗೆ ಬಿಪಿ ಇದೆ ಅಂತ ಮೊದಲೇ ಗೊತ್ತಿತ್ತು. ಒಂದು ಕ್ಲಿನಿಕ್ಕಿನಲ್ಲಿ ಮಾತ್ರೆ ಬರೆದುಕೊಟ್ಟಿದ್ದರು. ಚೀಟಿ ಇಂಗ್ಲಿಷಿನಲ್ಲಿತ್ತು, ಮಾತು ಎರಡು ನಿಮಿಷದಲ್ಲಿ ಮುಗಿದಿತ್ತು. ಮುಂದಿನ ಸಲ ಹೋದಾಗ ‘ನಾರ್ಮಲ್ ಇದೆ’ ಅಂದರು. ಮಾವ ಅದನ್ನು ಕಾಯಿಲೆ ವಾಸಿಯಾಯಿತು ಅಂತ ಕೇಳಿಸಿಕೊಂಡರು, ಮಾತ್ರೆ ಬಿಟ್ಟರು. ನಾವೂ ಹಾಗೇ ಕೇಳಿಸಿಕೊಂಡೆವು. ನಾರ್ಮಲ್ ಆಗಿರುವುದು ಮಾತ್ರೆ ನುಂಗುತ್ತಿರುವುದರಿಂದ ಅನ್ನುವ ಒಂದು ಮಾತನ್ನು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಆ ಒಂದು ಮಾತಿಗಾಗಿ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಮೊದಲ ನಮಸ್ಕಾರ ಮಂಡ್ಯದ ಆಸ್ಪತ್ರೆಯ ವಾರ್ಡಿನಲ್ಲಿದ್ದ ಸಿಸ್ಟರ್‌ಗೆ. ಮಾವನವರ ಮಂಚದ ಪಕ್ಕ ನಿಂತಿದ್ದ ನಮ್ಮನ್ನೆಲ್ಲ ನೋಡಿ, “ಮನೇಲಿ ಇನ್ಯಾರ್‌ಯಾರ ಬಿಪಿ ನೋಡ್ಸಿದೀರ?” ಅಂದರು. ಯಾರದ್ದೂ ಇಲ್ಲ. ಅಲ್ಲೇ ಒಬ್ಬೊಬ್ಬರನ್ನೇ ಸ್ಟೂಲಿನ ಮೇಲೆ ಕೂರಿಸಿ ನೋಡಿದರು. ನನ್ನ ಯಜಮಾನರದ್ದು 150/96 ಬಂತು. ನಲವತ್ತು ತುಂಬದ ಮನುಷ್ಯ, ಒಂದು ದಿನ ತಲೆನೋವು ಅಂದವರಲ್ಲ. ಮತ್ತೆರಡು ದಿನ ಬಿಟ್ಟು ನೋಡಿದಾಗಲೂ ಗಡಿ ಅನ್ನುವ 140/90ಕ್ಕಿಂತ ಮೇಲೇ ಇತ್ತು. ಆ ಸಿಸ್ಟರ್ ಕೇಳದೇ ಇದ್ದಿದ್ದರೆ ನಮಗೆ ಯಾವಾಗ ಗೊತ್ತಾಗುತ್ತಿತ್ತೋ.

ಊರಿಗೆ ಬಂದ ಮೇಲೆ ನಮ್ಮ ಆಶಾ ಅಕ್ಕ ಫಾರಂ ಹಿಡಿದು ಮನೆಗೆ ಬಂದರು. ಮೂವತ್ತು ದಾಟಿದವರಿಗೆಲ್ಲ ತುಂಬಬೇಕಾದ ಫಾರಂ ಅದು: ವಯಸ್ಸು, ಬೀಡಿ, ಹೊಗೆಸೊಪ್ಪು, ಕುಡಿತ, ಸೊಂಟದ ಸುತ್ತಳತೆ, ಮನೆಯಲ್ಲಿ ಯಾರಿಗೆ ಏನಿದೆ ಅನ್ನುವ ಪ್ರಶ್ನೆಗಳು. ತುಂಬಿ ಮುಗಿಸಿ, ಟೀ ಕುಡಿಯುತ್ತಾ ಹೇಳಿದರು, “ನಾನು ಮನೆಮನೆಗೆ ಹೋದ್ರೆ ಗದ್ದೆಗೆ ಹೋಗವ್ರೆ ಅಂತಾರೆ ಕನವ್ವ. ನಿನ್ ಡೈರಿಗಾದ್ರೆ ಎಲ್ರೂ ಅವ್ರಾಗೇ ಬತ್ತಾರಲ್ಲ.” ಈ ಕೆಲಸ ಹುಟ್ಟಿದ್ದು ಆ ಮಾತಿನಿಂದ. ಅಕ್ಕ, ಇದು ನಿಮ್ಮದು.

ನಮ್ಮ ಡೈರಿಯಲ್ಲಿ ಅಕ್ಷರ ಬಾರದ ಅಜ್ಜಿಯರೂ ಫ್ಯಾಟ್ ಚೀಟಿ, ಅಂದರೆ ಹಾಲಿನಲ್ಲಿ ಕೊಬ್ಬು ಎಷ್ಟಿದೆ ಅನ್ನುವ ಚೀಟಿ, ಓದುತ್ತಾರೆ. 3.8 ಬಂದರೆ “ನೆನ್ನೆ 4.1 ಇತ್ತಲ್ಲ?” ಅಂತ ನಿಲ್ಲಿಸಿ ಕೇಳುತ್ತಾರೆ. ಫ್ಯಾಟ್ ಇಳಿದರೆ ಹಿಂಡಿ ಎಷ್ಟು ಹಾಕಬೇಕು, ಒಣಹುಲ್ಲು ಎಷ್ಟು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಂಕಿ ನೋಡಿ ಏನು ಮಾಡಬೇಕು ಅನ್ನುವ ವಿದ್ಯೆ ಅವರ ಕೈಯಲ್ಲೇ ಇದೆ. ಹಸುವಿನದ್ದು ಗೊತ್ತು, ತಮ್ಮದು ಗೊತ್ತಿಲ್ಲ. ಹಾಗಾಗಿ ಫ್ಯಾಟ್ ಚೀಟಿಯ ಜೊತೆಗೆ ಇನ್ನೊಂದು ಚೀಟಿ ಕೊಡಲು ಶುರು ಮಾಡಿದೆವು. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ: ಇವತ್ತಿನ ಬಿಪಿ, ಹೋದ ವಾರದ್ದು, ಮಾತ್ರೆ ತಗೊಂಡ್ರಾ ಇಲ್ವಾ. ಬಿಪಿ ನೋಡುವ ಮಿಷನ್ ಕೊಳ್ಳಲು ಸಂಘದ ಸಭೆಯಲ್ಲಿ ಒಬ್ಬರೂ ಬೇಡ ಅನ್ನಲಿಲ್ಲ. ಸದಸ್ಯರಿಗೆಲ್ಲ ವಂದನೆ.

ಮೊದಲ ವಾರ ನಾನು ದೊಡ್ಡ ತಪ್ಪು ಮಾಡಿದೆ. ಕ್ಯಾನ್ ಹೊತ್ತು ಬಂದವರನ್ನು ಬಂದ ಹಾಗೇ ಕೂರಿಸಿ ಪಟ್ಟಿ ಸುತ್ತಿದೆ. ಎಲ್ಲರದ್ದೂ ಜಾಸ್ತಿ ಬಂತು, ಊರೆಲ್ಲ ಗಾಬರಿಯಾಯಿತು. ಆರೋಗ್ಯ ಉಪಕೇಂದ್ರದ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಮೇಡಂ ಬಂದು ಸಮಾಧಾನವಾಗಿ ತಿದ್ದಿದರು. ಐದು ನಿಮಿಷ ಸುಮ್ಮನೆ ಕೂತಿರಬೇಕು, ಬೆನ್ನಿಗೆ ಆನಿಕೆ ಇರಬೇಕು, ಕಾಲು ನೆಲಕ್ಕೆ ತಾಗಿರಬೇಕು, ತೋಳು ಎದೆಯ ಮಟ್ಟಕ್ಕೆ, ಅರ್ಧ ಗಂಟೆ ಮುಂಚೆಯಿಂದ ಬೀಡಿ, ಕಾಫಿ ಇಲ್ಲ, ನೋಡುವಾಗ ಮಾತಿಲ್ಲ. ಐದು ನಿಮಿಷ ಯಾರು ಕೂರುತ್ತಾರೆ ಅಂತ ನಾನು ಅಂದುಕೊಳ್ಳುತ್ತಿರುವಾಗ ಮೇಡಂ ಹಾಲಿನ ಸರದಿ ತೋರಿಸಿದರು. ಗೋಡೆಗೆ ಒಂದು ಬೆಂಚು ಸರಿಸಿದೆವು, ಕ್ಯಾನ್ ಸರದಿಯಲ್ಲಿ ನಿಂತಿತು, ಮನುಷ್ಯರು ಬೆಂಚಿನಲ್ಲಿ ಕೂತರು. ತಿಂಗಳಿಗೊಂದು ಬೆಳಗ್ಗೆ ಮೇಡಂ ಅಲ್ಲೇ ಬೆರಳು ಚುಚ್ಚಿ ಶುಗರ್ ನೋಡುತ್ತಾರೆ. ಹಾಲು ಹಾಕುವ ಹೊತ್ತಿಗೆ ಹೊಟ್ಟೆ ಖಾಲಿಯೇ ಇರುತ್ತದಲ್ಲ. 126 ಮತ್ತು ಅದಕ್ಕಿಂತ ಮೇಲೆ ಬಂದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತಾರೆ, ಅಲ್ಲಿ ಮತ್ತೆ ಪರೀಕ್ಷೆ ಮಾಡಿ ಮಾತ್ರೆ ಪುಕ್ಕಟೆ ಕೊಡುತ್ತಾರೆ.

ಮಾತ್ರೆ ಯಾಕೆ ಬಿಡಬಾರದು ಅಂತ ನಾನು ಎಷ್ಟು ಹೇಳಿದರೂ ಜನರ ತಲೆಗೆ ಹೋಗುತ್ತಿರಲಿಲ್ಲ. ಅದನ್ನು ಹೇಳಿದ್ದು ನಾಲೆ ಏರಿಯ ಮೇಲಿನ ಮನೆಯ ಅಜ್ಜಿ. ಬೆಂಚಿನಲ್ಲಿ ಪಕ್ಕದವರು “ನಂಗೆ ನಾರ್ಮಲ್ ಆಗದೆ, ಇನ್ಯಾಕೆ ಮಾತ್ರೆ” ಅಂದಾಗ ಅಜ್ಜಿ ಹೇಳಿದ್ದು: “ತೂಬು ಮುಚ್ಚಿರದ್ಕೆ ಕನಪ್ಪ ಗದ್ದೆಗೆ ನೀರು ನುಗ್ದೆ ಇರದು. ನೀರು ಬಂದಿಲ್ವಲ್ಲ ಅಂತ ತೂಬು ಎತ್‌ಬುಟ್ರೆ?” ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರಿನಲ್ಲಿ ಬದುಕಿದ ಊರು ನಮ್ಮದು, ಎರಡನೇ ಸಲ ಹೇಳಬೇಕಾಗಲಿಲ್ಲ. ಈಗ ಮಾತ್ರೆ ತಗೊಂಡ್ರಾ ಅಂತ ಯಾರೂ ಕೇಳುವುದಿಲ್ಲ, “ತೂಬು ಮುಚ್ಚಿದ್ಯಾ?” ಅನ್ನುತ್ತಾರೆ. ಅಜ್ಜಿ, ನಿಮ್ಮ ಈ ಮಾತು ನಮ್ಮ ಮಾವನವರಿಗೆ ಐದು ವರ್ಷ ಮುಂಚೆ ಸಿಕ್ಕಿದ್ದರೆ ಅಂತ ಆಸೆಯಾಗುತ್ತದೆ.

ಆಲೆಮನೆಯ ಯಜಮಾನರನ್ನು ನೆನೆಯದೇ ಇರಲಾರೆ. ಸಕ್ಕರೆ ಬಿಟ್ಟು ಬೆಲ್ಲದ ಕಾಫಿ ಕುಡಿದರೆ ಶುಗರ್ ಏರಲ್ಲ ಅನ್ನುವ ನಂಬಿಕೆ ನಮ್ಮ ಕಡೆ ಬೇರೂರಿದೆ. ಅವರು ಸಂಘದ ಸಭೆಯಲ್ಲಿ ಎದ್ದು ನಿಂತು, “ಬೆಲ್ಲ ಮಾರೋನು ನಾನೇ ಹೇಳ್ತಾ ಇವ್ನಿ, ಎರಡೂ ಅದೇ ಕಬ್ಬಿನ ಹಾಲು. ಶುಗರ್ ಇರೋರ್ಗೆ ಎರಡೂ ಒಂದೇ” ಅಂದರು. ತಮ್ಮ ವ್ಯಾಪಾರಕ್ಕೆ ಎದುರಾಗಿ ಅಷ್ಟು ಜನರ ಮುಂದೆ ಹಾಗೆ ಹೇಳುವುದು ಸಣ್ಣ ಮಾತಲ್ಲ. ಮುದ್ದೆಯ ವಿಷಯವೂ ಅಷ್ಟೇ. ರಾಗಿ ಒಳ್ಳೆಯದು, ನಾರಿದೆ, ಸುಣ್ಣದ ಅಂಶ ಇದೆ, ಆದರೆ ಅದೂ ಹಿಟ್ಟೇ. ಎರಡು ಮುದ್ದೆ ಒಂದಾಗಿ, ಬಸ್ಸಾರಿನ ಸೊಪ್ಪು, ಕಾಳು ಎರಡರಷ್ಟಾಗಲು ನಮ್ಮ ಮನೆಯಲ್ಲೇ ಆರು ತಿಂಗಳು ಹಿಡಿಯಿತು.

ದೇವಸ್ಥಾನದ ಸಮಿತಿಯವರು ಪರ್ವದ ಊಟದಲ್ಲಿ ಎಲೆ ತುದಿಗೆ ಉಪ್ಪು ಬಡಿಸುವುದನ್ನು ನಿಲ್ಲಿಸಿದರು, ಬೇಕಾದವರು ಕೇಳಿ ಹಾಕಿಸಿಕೊಳ್ಳಲಿ ಅಂತ. ಕೇಳಿದವರು ಕಡಿಮೆ. ದಿನಕ್ಕೆ ಒಬ್ಬರಿಗೆ ಎಲ್ಲ ಸೇರಿ ಒಂದು ಟೀ ಚಮಚದೊಳಗೆ ಉಪ್ಪು ಸಾಕು ಅನ್ನುವುದನ್ನು ನಮ್ಮ ಉಪ್ಪುಸಾರು, ಉಪ್ಪಿನಕಾಯಿಯ ಊರಿಗೆ ಹೇಳುವುದು ಸುಲಭವಲ್ಲ. ಇವರು ಬಾಯಲ್ಲಿ ಹೇಳದೆ ಮಾಡಿ ತೋರಿಸಿದರು. ಟೈಲರ್ ಅಕ್ಕ ಸೊಂಟದ ಅಳತೆಗೆ ತಮ್ಮ ಟೇಪನ್ನೇ ಕೊಟ್ಟರು, ತಾವೇ ಕೂತು ಅಳೆದರು. ರವಿಕೆಗೆ ಅಳತೆ ಕೊಟ್ಟು ಅಭ್ಯಾಸವಿದ್ದ ಹೆಂಗಸರು ನಾಚದೆ ನಿಂತರು.

ನವೆಂಬರ್ 14, ಮಧುಮೇಹ ದಿನ, ಮೈಸೂರಿನಿಂದ ಬಂದ ಡಾಕ್ಟರೊಬ್ಬರು ಒಂದು ಸಂಗತಿ ಹೇಳಿದರು, ಅದು ನನ್ನ ಮನಸ್ಸಿನಿಂದ ಹೋಗಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನುವುದು, ಅಲ್ಲಿ 1934ರಿಂದಲೇ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರಂತೆ. 1990ರ ದಶಕದಲ್ಲಿ ಆ ಪುಸ್ತಕಗಳನ್ನು ಹಿಡಿದು, ಆಗ ಹುಟ್ಟಿದವರನ್ನು ಹುಡುಕಿ ಪರೀಕ್ಷೆ ಮಾಡಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಮುಂದೆ ಹೃದಯದ ಕಾಯಿಲೆ ಹೆಚ್ಚು ಕಂಡಿತು. ನಮ್ಮ ಕಾಯಿಲೆಯ ಒಂದು ಬೇರು ಅಮ್ಮಂದಿರ ತಟ್ಟೆಯಲ್ಲೂ ಇದೆ ಅಂದ ಹಾಗಾಯಿತು. ಹೆರಿಗೆ ವಾರ್ಡಿನಲ್ಲಿ ರಾತ್ರಿ ಹಗಲು ಆ ಅಂಕಿ ಬರೆದ ನರ್ಸಮ್ಮಂದಿರಿಗೆ ಅದು ಅರವತ್ತು ವರ್ಷದ ಮೇಲೆ ಉಪಯೋಗಕ್ಕೆ ಬರುತ್ತದೆ ಅಂತ ಗೊತ್ತಿತ್ತೇ? ದಿನವೂ ಅಂಕಿ ಬರೆಯುವವಳು ನಾನು, ಅವರಿಗೂ ಇಲ್ಲಿಂದಲೇ ನಮಸ್ಕಾರ. ಆವತ್ತಿನಿಂದ ನಮ್ಮ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬಸುರಿ ಹೆಣ್ಣುಮಕ್ಕಳ ತೂಕವನ್ನೂ ಬರೆಯುತ್ತಿದ್ದೇವೆ.

ತಡವಾಗಿ ಬಂದವರೂ ಇದ್ದಾರೆ. ಒಬ್ಬ ಅಣ್ಣ ಕಿಡ್ನಿ ಕೆಟ್ಟು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುತ್ತಾರೆ. ಶುಗರ್‌ನಿಂದ ಮರಗಟ್ಟಿದ ಕಾಲಿಗೆ ಮುಳ್ಳು ಚುಚ್ಚಿದ್ದು ತಿಳಿಯದೆ ಗದ್ದೆಯಲ್ಲಿ ನಾಟಿ ಮಾಡಿದ ಅಕ್ಕನ ಗಾಯ ಮಾತ್ರ, ಬೆಂಚಿನಲ್ಲಿ ಕೂತಿದ್ದಾಗ ಪಕ್ಕದವರ ಕಣ್ಣಿಗೆ ಬಿದ್ದು, ಬೆರಳು ಉಳಿಯಿತು. ನೋಡಿದ ಆ ಪಕ್ಕದವರಿಗೂ ವಂದನೆ.

ಹೊಸ ನೋಟ್‌ಬುಕ್ಕಿನ ಮೊದಲ ಸಾಲು ಮಾವನವರದ್ದು. ಊರುಗೋಲು ಹಿಡಿದು ಡೈರಿಯವರೆಗೆ ನಡೆದೇ ಬರುತ್ತಾರೆ, ಬೆಂಚಿನ ಗೋಡೆ ಕಡೆಯ ಜಾಗ ಅವರದ್ದೇ. ಬಲಗೈ ಇನ್ನೂ ಪೂರ್ತಿ ಏಳುವುದಿಲ್ಲ, ಮಿಷನ್ನಿನ ಗುಂಡಿಯನ್ನು ಎಡಗೈಯಲ್ಲಿ ಒತ್ತುತ್ತಾರೆ. ಮಾತು ಸ್ಪಷ್ಟವಿಲ್ಲ, ಆದರೆ “ಎಷ್ಟು?” ಅನ್ನುವುದು ಎಲ್ಲರಿಗೂ ತಿಳಿಯುತ್ತದೆ.

“134/82, ಮಾವ.”

ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು, ಇವತ್ತಿನದ್ದು ಖಾಲಿಯಾಗಿರುವುದನ್ನು ನನಗೆ ತೋರಿಸಿದರು.