ನನ್ನನ್ನು ಅಳಲು ಬಿಟ್ಟವರಿಗೆ ವಂದನೆ

ನಮ್ಮ ಯಜಮಾನರು ಕರ್ತನ ಬಳಿಗೆ ಹೋಗಿ ಈ ತಿಂಗಳಿಗೆ ಒಂದು ವರ್ಷ. ಮನೆಗೆ ಬಂದವರು, ಫೋನ್ ಮಾಡಿದವರು, ಆಸ್ಪತ್ರೆ ಬಿಲ್ಲಿನ ಹಣ ಹೇಳದೆ ಕೇಳದೆ ಕಟ್ಟಿದವರು, ಮಕ್ಕಳನ್ನು ಶಾಲೆಗೆ ಬಿಟ್ಟು ಬಂದವರು, ಎಲ್ಲರಿಗೂ ವಂದನೆ ಹೇಳುವುದು ಬಾಕಿ ಇತ್ತು. ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳು ಅಂದರು. ಮೈಕ್ ಹಿಡಿದರೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಹೇಳುವ ಸಾಕ್ಷಿಗಳಿಗೆ ಒಂದು ದಾರಿ ಇರುತ್ತದೆ. ಕಷ್ಟ ಬಂತು, ಪ್ರಾರ್ಥನೆ ಮಾಡಿದೆವು, ಸಮಾಧಾನ ಸಿಕ್ಕಿತು, ಕರ್ತನಿಗೆ ಸ್ತೋತ್ರ. ನನ್ನದು ಹಾಗೆ ಸರಾಗವಾಗಿ ನಡೆಯಲಿಲ್ಲ.

ಮಣ್ಣಿನ ದಿನ ನಾನು ಅಳಲಿಲ್ಲ. ಬಂದವರಿಗೆಲ್ಲ ಚಹಾ ಆಯಿತಾ ಅಂತ ಕೇಳುತ್ತಾ ಓಡಾಡಿದೆ. ಪೆಟ್ಟಿಗೆ ಮುಚ್ಚುವ ಮುಂಚೆ ಅವರ ಅಂಗಿಯ ಒಂದು ಗುಂಡಿ ಬಿಚ್ಚಿದ್ದು ಕಂಡಿತು, ಹಾಕಿದೆ. ಅಷ್ಟೇ. "ಎಂಥಾ ವಿಶ್ವಾಸ ನೋಡ್ರಿ" ಅಂತ ಹಿಂದೆ ಯಾರೋ ಅಂದದ್ದು ಕೇಳಿಸಿತು. ಅದು ವಿಶ್ವಾಸ ಆಗಿರಲಿಲ್ಲ. ನನಗೆ ಏನೂ ಅನ್ನಿಸುತ್ತಲೇ ಇರಲಿಲ್ಲ.

ಕೆಲವು ತಿಂಗಳಾದ ಮೇಲೆ ಅಳು ಶುರುವಾಯಿತು. ಅಡುಗೆಮನೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಚರ್ಚಿನಲ್ಲಂತೂ ಮೊದಲ ಹಾಡಿಗೇ. ಆಗ ಅವೇ ಬಾಯಿಗಳು "ಇಷ್ಟು ದಿನ ಆದರೂ ಅಳ್ತಾಳಲ್ಲ, ನಿರೀಕ್ಷೆ ಇಲ್ಲದವರ ಹಾಂಗ" ಅಂದವು. ಬೈಬಲಿನಲ್ಲಿ ಥೆಸಲೊನೀಕದ ಸಭೆಯವರಿಗೆ ಅಪೊಸ್ತಲ ಪೌಲ ಬರೆದ ಮಾತು ಅದು. ಅಲ್ಲ, ಪೌಲ ಹೇಳಿದ್ದು ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂತ. ದುಃಖವನ್ನೇ ಪಡಬೇಡಿ ಅಂತ ಎಲ್ಲಿದೆ? ಜೊತೆ ಸೇವಕ ಎಪಫ್ರೊದೀತ ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದಾಗ, ಅವನು ಬದುಕಿದ್ದರಿಂದ ನನಗೆ ದುಃಖದ ಮೇಲೆ ದುಃಖ ತಪ್ಪಿತು ಅಂತ ಫಿಲಿಪ್ಪಿಯವರಿಗೆ ಬರೆದವನೂ ಅದೇ ಪೌಲ. ಅವನ ಹತ್ತಿರ ದುಃಖ ಮೊದಲೇ ಇತ್ತು ಅಂತ ಆಯಿತಲ್ವಾ.

ಇರಲಿ. ಇದು ದೂರಿನ ಪತ್ರ ಅಲ್ಲ. ನನ್ನ ವಿಶ್ವಾಸವನ್ನು ಕಣ್ಣೀರಿನಿಂದ ಅಳೆಯದೇ ಇದ್ದವರು ಕೆಲವರಿದ್ದಾರೆ. ಈ ಬರಹ ಅವರಿಗೆ.

ಮೊದಲು ನಮ್ಮ ಸಭಾಪಾಲಕರಿಗೆ. ಮಣ್ಣಿನ ದಿನ ಅಳಲಿಲ್ಲ ಅನ್ನುವುದು ನನ್ನನ್ನು ಕೊರೆಯುತ್ತಿತ್ತು. ಅವರ ಹತ್ತಿರ ಹೇಳಿದೆ. ಅವರು ಹಳೇ ಕಾಲದ ದೊಡ್ಡ ಕ್ರೈಸ್ತ ಗುರು ಅಗಸ್ಟೀನರ ವಿಷಯ ತೆಗೆದರು. 387ರಲ್ಲಿ ರೋಮ್ ಹತ್ತಿರದ ಓಸ್ತಿಯಾ ಬಂದರಿನಲ್ಲಿ ಅಗಸ್ಟೀನರ ತಾಯಿ ಮೋನಿಕಾ ತೀರಿಕೊಂಡರು. ಈ ಮಗನಿಗಾಗಿ ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದ ತಾಯಿ. ಮೊಮ್ಮಗ ಗೋಳೋ ಅಂತ ಅಳತೊಡಗಿದಾಗ ದೊಡ್ಡವರೆಲ್ಲ ಸೇರಿ ಅವನ ಬಾಯಿ ಮುಚ್ಚಿಸಿದರಂತೆ. ಇಂಥ ಭಕ್ತೆಯ ಸಾವಿಗೆ ಅಳುವುದು ಸರಿಯಲ್ಲ ಅಂತ. ಅಗಸ್ಟೀನರು ಸಮಾಧಿಯ ಹತ್ತಿರವೂ ಕಣ್ಣೀರು ಹಾಕಲಿಲ್ಲ. ಒಳಗೆ ಮಾತ್ರ ಕುದಿ. ಸ್ನಾನ ಮಾಡಿದರೆ ದುಃಖ ಇಳಿಯುತ್ತದೆ ಅಂತ ಕೇಳಿದ್ದರು, ಸ್ನಾನಕ್ಕೂ ಹೋಗಿ ಬಂದರು. ಏನೂ ಇಳಿಯಲಿಲ್ಲ. ಒಂದು ನಿದ್ದೆ ಮಾಡಿ ಎದ್ದ ಮೇಲೆ, ದೇವರ ಹೊರತು ಯಾರೂ ಇಲ್ಲದಾಗ, ಅತ್ತರು. ಬಿಷಪ್ ಆದ ಮೇಲೆ ಇದನ್ನೆಲ್ಲ ತಾವೇ ಬರೆದರು. ತಾಯಿಗಾಗಿ ಒಂದಿಷ್ಟು ಹೊತ್ತು ಅತ್ತದ್ದು ಪಾಪ ಅಂತ ಯಾರಿಗಾದರೂ ಕಂಡರೆ ಅವರು ನನ್ನನ್ನು ನೋಡಿ ನಗುವುದು ಬೇಡ ಅಂತಲೂ ಬರೆದರು.

ಸಭಾಪಾಲಕರು ಇಷ್ಟು ಹೇಳಿ, ಚಹಾ ಕುಡಿದು ಎದ್ದರು. ಆದ್ದರಿಂದ ನೀನೂ ಹೀಗೆ ಮಾಡಮ್ಮ ಅಂತ ಬಾಲ ಸೇರಿಸಲಿಲ್ಲ. ಅದಕ್ಕೇ ಅವರಿಗೆ ವಂದನೆ ಸ್ವಲ್ಪ ಜಾಸ್ತಿ.

ಆಮೇಲೆ ಸ್ತ್ರೀಯರ ಕೂಟದ ಹಿರಿಯಕ್ಕನಿಗೆ. ಅಳು ನಿಂತು ಸಿಟ್ಟು ಹತ್ತಿದ ದಿನಗಳೂ ಇದ್ದವು. ಡಾಕ್ಟರ ಮೇಲಲ್ಲ, ಜನರ ಮೇಲಲ್ಲ, ನೇರ ದೇವರ ಮೇಲೆ. ಹೇಳಿದರೆ ಗದರಿಸುತ್ತಾರೆ ಅಂದುಕೊಂಡಿದ್ದೆ. ಅಕ್ಕ ಕನ್ನಡಕ ಹಾಕಿಕೊಂಡು ಬೈಬಲಿನ 88ನೇ ಕೀರ್ತನೆ ತೆಗೆದು ಓದಿದರು, ಪೂರ್ತಿ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಗೋಳಿನದೇ. ಆದರೆ ಗೋಳು ಬಹಳ ಸಲ ಕೊನೆಗೆ ಹೇಗೋ ಸ್ತುತಿಗೆ ಹೊರಳುತ್ತದೆ. 88 ಹೊರಳುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ನನ್ನನ್ನು ಯಾಕೆ ತಳ್ಳಿಬಿಟ್ಟೆ, ಮುಖ ಯಾಕೆ ಮರೆಮಾಡುತ್ತೀ ಅಂತ ದೇವರಿಗೇ ಕೇಳುತ್ತದೆ. ಅದು ಯಾರೋ ಗುಟ್ಟಾಗಿ ಬರೆದಿಟ್ಟದ್ದೂ ಅಲ್ಲ. ಹಾಡಲಿಕ್ಕೆಂದೇ ಕಟ್ಟಿದ್ದು, ತಲೆಬರಹದಲ್ಲೇ ಹಾಗಿದೆ. ನಮ್ಮ ಕಾಯರ್ ಮಾತ್ರ ಅದನ್ನು ಹಾಡಿದ್ದು ನಾನು ಇದುವರೆಗೆ ಕೇಳಿಲ್ಲ!

ಬಾಜೂ ಮನೆಯ ಅವ್ವನವರಿಗೆ. ನಮ್ಮ ಸಭೆಯವರಲ್ಲ, ಬೈಬಲ್ ಓದಿದವರೂ ಅಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ ಹಿಡಿದುಕೊಂಡು ಬಂದು ಎದುರಿಗೇ ಕೂತು ಅಂದರು, "ಅಳಬ್ಯಾಡ ಅಂತ ನಾ ಹೇಳಂಗಿಲ್ಲವಾ. ಎರಡು ರೊಟ್ಟಿ ತಿಂದು ಅಳು." ನನಗೆ ಬೈಬಲಿನ ಪ್ರವಾದಿ ಎಲೀಯ ನೆನಪಾದ. ರಾಣಿ ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿ, ಗಿಡದ ಬುಡದಲ್ಲಿ ಕೂತು, ಸಾಕು ದೇವರೇ, ನನ್ನ ಪ್ರಾಣ ತೆಗೆದುಬಿಡು ಅಂದವನು. ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ. ಎದ್ದು ತಿನ್ನು ಅಂದ. ಎಲೀಯ ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರ ಮಾತು ಬಂದದ್ದು ಅದೆಲ್ಲ ಆದ ಮೇಲೆ, ಹೋರೇಬ್ ಬೆಟ್ಟದಲ್ಲಿ.

ಧಾರವಾಡದ ಮನೋವೈದ್ಯರಿಗೂ ವಂದನೆ. ನಿದ್ದೆ ಪೂರ್ತಿ ಹೋಗಿತ್ತು, ಬಟ್ಟೆ ಸಡಿಲಾಗುತ್ತಿದ್ದವು. ತಮ್ಮ ಕರೆದುಕೊಂಡು ಹೋದ. ಮಾತ್ರೆ ನುಂಗುವುದು ವಿಶ್ವಾಸದ ಕೊರತೆ ಅಂತ ಒಬ್ಬರು ಹೇಳಿದರು. ಬೆಳಿಗ್ಗೆ ಬಿಪಿ ಮಾತ್ರೆ ನುಂಗಿಯೇ ಚರ್ಚಿಗೆ ಬರುವವರು ಅವರು! ಓದುವವರಲ್ಲಿ ಯಾರಿಗಾದರೂ ನನ್ನ ಹಾಗೆ ಆಗಿದ್ದರೆ ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಮ್ಮ ವೈನಿ. ವೈನಿ ಪೆಂತೆಕೋಸ್ತ್ ಸಭೆಗೆ ಹೋಗುತ್ತಾರೆ. ಅಲ್ಲಿ ಕೈ ಎತ್ತಿ, ಅತ್ತು, ಕೂಗಿ ಆರಾಧನೆ. ನಾನು ಬೆಳೆದದ್ದು ಬಾಸೆಲ್ ಮಿಶನ್ನಿನ ಹಳೇ ಸಭೆಯಲ್ಲಿ. ಬೆಂಚಿನಲ್ಲಿ ನೆಟ್ಟಗೆ ಕೂರಬೇಕು, ಕರವಸ್ತ್ರದಲ್ಲಿ ಅಳಬೇಕು. ಆ ಮಿಶನರಿಗಳು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದವರು. ಅವರಲ್ಲಿ ಬಹಳ ಜನ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ವಿಚಿತ್ರ ಅಂದರೆ ಆ ಸೀಮೆಯ ಭಕ್ತಿ ಹೃದಯದ ಭಕ್ತಿ ಅಂತಲೇ ಹೆಸರಾದದ್ದು. ನಮ್ಮ ಪಾಲಿಗೆ ಉಳಿದದ್ದು ಶಿಸ್ತು!

ವೈನಿ ಒಂದು ಶುಕ್ರವಾರ ನನ್ನನ್ನು ಅವರ ಕೂಟಕ್ಕೆ ಕರೆದುಕೊಂಡು ಹೋದರು. ಸುತ್ತ ಎಲ್ಲರೂ ಕರಗಿ ನೀರಾಗಿದ್ದರು. ನಾನು ಫ್ಯಾನ್ ತಿರುಗುವುದು ನೋಡುತ್ತಾ ನಿಂತಿದ್ದೆ. ದೇವರು ಇವರನ್ನೆಲ್ಲ ಮುಟ್ಟಿ ನನ್ನನ್ನು ದಾಟಿ ಹೋದನಾ ಅಂತ ಹೆದರಿಕೆ. ಬರುವಾಗ ಆಟೋದಲ್ಲಿ ವೈನಿಗೆ ಹೇಳಿದೆ. ನನ್ನಲ್ಲೇ ಕೊರತೆ ಹುಡುಕಬಹುದು ಅಂತ ಇತ್ತು. "ನಿನಗೇನೂ ಅನ್ನಿಸದಿದ್ರ ಬಿಡು. ನಿನ್ನ ಪಾಲಿಂದೂ ನಾನೇ ಅತ್ತೀನಿ ಇವತ್ತು" ಅಂದರು. ನಮ್ಮಿಬ್ಬರ ಸಭೆಗಳ ನಡುವೆ ಏನೇನು ವಾದ ಇದೆಯೋ ಇರಲಿ. ಆ ಮಾತಿಗೆ ನಾನು ಸಾಲಗಾರಳು.

ಕೊನೆಗೆ ಸಂಡೇ ಸ್ಕೂಲ್ ಮಕ್ಕಳು. ಕ್ರಿಸ್ಮಸ್ ನಾಟಕದ ಪ್ರಾಕ್ಟೀಸಿಗೆ ಬರಲೇಬೇಕು ಟೀಚರ್ ಅಂತ ಎಳೆದುಕೊಂಡು ಹೋದರು. ಛತ್ರದವನ ಪಾತ್ರದ ಹುಡುಗ "ಜಾಗ ಇಲ್ಲ" ಅಂತ ಬಾಗಿಲು ಹಾಕಬೇಕಿತ್ತು. ಮರಿಯಳಾಗಿದ್ದ ಹುಡುಗಿಯ ಸಪ್ಪೆ ಮುಖ ನೋಡಿ ಅವನು "ಒಳಗ ಬರ್ರಿ, ಅಡ್ಜಸ್ಟ್ ಮಾಡೋಣ" ಅಂದುಬಿಟ್ಟ. ನಾನು ನಕ್ಕೆ, ಹೊಟ್ಟೆ ಹಿಡಿದುಕೊಂಡು. ನಕ್ಕ ಮೇಲೆ ಗಂಡ ಹೋದವಳು ಹೀಗೆ ನಗಬಹುದಾ ಅಂತ ಯೋಚನೆ ಬಂತು. ಅಷ್ಟರಲ್ಲಿ ಮಕ್ಕಳು "ಟೀಚರ್ ನಕ್ಕರು" ಅಂತ ಚಪ್ಪಾಳೆ ತಟ್ಟಿದ್ದರು. ಯೋಚನೆಗೆ ಪುರುಸೊತ್ತೇ ಸಿಗಲಿಲ್ಲ.

ಈಗಲೂ ಅಳು ಬರುತ್ತದೆ, ಮಾತ್ರೆ ನಡೆದಿದೆ, ಕೆಲವು ಭಾನುವಾರ ಏನೂ ಅನ್ನಿಸದೆಯೇ ಕರ್ತನ ಭೋಜನ ತೆಗೆದುಕೊಂಡು ಬರುತ್ತೇನೆ.

ಬರುವ ಶನಿವಾರ ಸಂಜೆ ನಮ್ಮ ಮನೆಯಲ್ಲಿ ಕೃತಜ್ಞತಾ ಕೂಟ. 88ನೇ ಕೀರ್ತನೆಯನ್ನೇ ಓದಿಸಿ ಅಂತ ಸಭಾಪಾಲಕರನ್ನು ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ಊಟ ಮಾಡಿಕೊಂಡೇ ಹೋಗಬೇಕು. ಹೋಗುವಾಗ ನಿಮ್ಮ ನಿಮ್ಮ ಸ್ಟೀಲ್ ಡಬ್ಬಿ ಗುರುತು ಹಿಡಿದು ತೆಗೆದುಕೊಳ್ಳಿ. ಯಾವುದು ಯಾರದು ಅಂತ ತಿಳಿಯದೆ ಒಂದು ಕಪಾಟು ತುಂಬ ಉಳಿದಿವೆ.